ಕಾಡಿಗೆ ತೆನೆಯ ಸವಾಲು

ಕುರುಗೋಡು,
೨೦ ಫೆಬ್ರವರಿ ೧೯೫೧, ಮಂಗಳವಾರ

ಪ್ರಿಯ ರಾಘಣ್ಣ,

ಕಾಲೇಜಿನಲ್ಲಿ ನಿನ್ನ ಪಕ್ಕ ಕೂತು, ನಿನ್ನ ಡಬ್ಬಿಯ ಅವಲಕ್ಕಿ ತಿಂದು, ನಿನಗೇ ತರ್ಕಶಾಸ್ತ್ರ ಹೇಳಿಕೊಡುತ್ತಿದ್ದ ಸತ್ಯಮಿತ್ರ ಇದ್ದಾನೋ ಸತ್ತನೋ ಎಂದು ಕೇಳಿ ನೀನು ಹಾಕಿದ ಎರಡನೆಯ ಕಾರ್ಡು ತಲುಪಿತು. ಸತ್ಯಕ್ಕೆ ಸಾವಿಲ್ಲ ಎಂದು ಗಾದೆ ಕಟ್ಟಿದವರು, ಸತ್ಯ ತಪ್ಪದೆ ಕಾಗದ ಬರೆಯುತ್ತಾನೆ ಎಂದೇನೂ ಮಾತು ಕೊಟ್ಟಿಲ್ಲವಲ್ಲ!

ದಸರೆಯ ಹೊತ್ತಿಗೆ ಬಂದ ಕಾಗದಕ್ಕೆ ಜೋಳ ಕೊಯ್ದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಮದ್ರಾಸಿನ ಅಂಚೆ ಕಚೇರಿಯಲ್ಲಿ ಕೂತಿರುವ ನಿನಗೆ ನಿಮ್ಮ ಇಲಾಖೆಯ ಮೇಲೆ ತಪ್ಪು ಹೊರಿಸಿ ಸಮಾಧಾನ ಹೇಳಲಾರೆ, ತಡ ನನ್ನದೇ. ನೆಪ ಬೇಕೆಂದರೆ ಜನಗಣತಿ ಇದೆ. ಸರ್ಕಾರ ನಮ್ಮಂಥ ಮೇಷ್ಟ್ರುಗಳನ್ನು ಓಣಿ ಓಣಿಗೆ ಅಟ್ಟಿದೆ. ನಾವು ಮದ್ರಾಸಿನವರಾಗಿಯೇ ಉಳಿಯುತ್ತೇವೋ, ಮೈಸೂರಿಗೋ, ಆಂಧ್ರಕ್ಕೋ ಸೇರುತ್ತೇವೋ ಯಾರಿಗೂ ತಿಳಿಯದು. ಎಷ್ಟು ಮಂದಿ ಇದ್ದೇವೆ ಎಂಬುದಾದರೂ ತಿಳಿಯಲಿ ಎಂದಿರಬೇಕು. "ಮನ್ಯಾಗ ಎಷ್ಟು ಮಂದಿ ಅದೀರಿ?" ಎಂದರೆ ಹಂಪಮ್ಮ ಎಂಬ ಮುದುಕಿ ನನ್ನನ್ನೇ ಕೇಳಿದಳು: "ಉಣ್ಣಾಕೋ, ದುಡಿಯಾಕೋ? ಸರಿಯಾಗಿ ಕೇಳ್ರಿ ಮೇಷ್ಟ್ರ."

ನೀನು ನಮ್ಮ ಮಗಳು ಕರುಣಾಳಿಗೆ ಕಳಿಸಿದ ಕೆಂಪು ರಿಬ್ಬನ್ ದಸರೆಯ ಕಾಗದದ ಜೊತೆಗೇ ಬಂತು. ಅದರ ಮಾತು ಕೊನೆಗೆ.

ಮೊದಲು ನಿನ್ನ ಕೊಂಕು ಪ್ರಶ್ನೆ. "ನಮ್ಮಲ್ಲಿ ಕಷ್ಟಕ್ಕೆ ಕರ್ಮ ಎಂಬ ಕಾರಣವಿದೆ. ನಿಮ್ಮ ದೇವರು ನ್ಯಾಯವಂತ, ದಯಾವಂತ, ಸರ್ವಶಕ್ತ. ಮೂರೂ ಹೌದಾದರೆ ನಿಮ್ಮ ಮಂದಿಗೆ ಕಷ್ಟ ಯಾವ ಬಾಗಿಲಿಂದ ಬರುತ್ತದಪ್ಪಾ?" ಎಂದು ಬರೆದಿದ್ದೆ. ನಿನ್ನ ಕಸುಬಿನ ಮಾತಲ್ಲೇ ಹೇಳುತ್ತೇನೆ. ನಿಮ್ಮ ಕರ್ಮವೆಂದರೆ ರಿಜಿಸ್ಟರ್ಡ್ ಕಾಗದ. ಹೋದ ಜನ್ಮದಲ್ಲಿ ಹಾಕಿದ್ದು ಈ ಜನ್ಮದಲ್ಲಿ ವಿಳಾಸದಾರನ ಕೈಗೇ ಬರುತ್ತದೆ. ಸಹಿ ಹಾಕಿ ತೆಗೆದುಕೊಳ್ಳದೆ ಗತಿಯಿಲ್ಲ. ನಮ್ಮದು ಬೇರಿಂಗ್ ಕಾಗದ. ಯಾರೋ ಅಂಟಿಸದ ಸ್ಟಾಂಪಿಗೆ ಇನ್ಯಾರೋ ದಂಡ ತೆರುತ್ತಾರೆ. ಇದು ಅನ್ಯಾಯ ಎಂದು ನೀನು ಕೂಗುವ ಮೊದಲೇ ಹೇಳಿಬಿಡುತ್ತೇನೆ: ಆ ದಂಡ ತೆರಲು ದೇವರೇ ನಮ್ಮ ಬಾಗಿಲಿಗೆ ಬಂದು ನಿಂತ ಎಂಬುದೇ ನಮ್ಮ ನಂಬಿಕೆ.

ಚೆನ್ನಾಗಿದೆ ಅಲ್ಲವೇ? ನನಗೂ ಹಾಗೇ ಅನ್ನಿಸಿತ್ತು. ಭಾನುವಾರ ಹೊನ್ನೂರಮ್ಮ ಗುಡಿಯೊಳಗೆ ಕಾಲಿಡುವವರೆಗೆ.

ಭಾನುವಾರ ನಮ್ಮ ಕ್ರೈಸ್ತ ಸಭೆಯ ಸುಗ್ಗಿ ಕಾಣಿಕೆ. ಪ್ರತಿಯೊಬ್ಬರೂ ತಮ್ಮ ಬೆಳೆಯಲ್ಲಿ ಒಂದಿಷ್ಟು ತಂದು ಪವಿತ್ರ ಮೇಜಿನ ಮುಂದೆ ಇಡುತ್ತಾರೆ. ಆರಾಧನೆ ಮುಗಿದ ಮೇಲೆ ಅದನ್ನೆಲ್ಲ ಸವಾಲು ಕೂಗಿ ಮಾರುತ್ತೇವೆ. ಕೂಗುವವನು ನಾನು. ನನ್ನ ಬಾಯಿ ಸಭೆಗೆ ಉಪಯೋಗಕ್ಕೆ ಬರುವುದು ವರ್ಷದಲ್ಲಿ ಆ ಒಂದು ದಿನ, ಉಳಿದ ದಿನ ಅದನ್ನು ಮುಚ್ಚಿಸುವುದೇ ಹಿರಿಯರ ಕೆಲಸ. ನಿಯಮ ಎರಡೇ. ಮೇಜಿನ ಮುಂದೆ ಇಟ್ಟದ್ದನ್ನು ವಾಪಸು ಕೊಡುವಂತಿಲ್ಲ, ಸವಾಲಿಗೆ ಹಾಕಲೇಬೇಕು. ಸವಾಲು ಕೂಗುವವನು ತಾನೇ ಬೆಲೆ ಹೇಳಿ ಬೇಡುವಂತಿಲ್ಲ.

ಈ ಸಲ ಕುಂಬಳಕಾಯಿ ಇತ್ತು, ಮೆಣಸಿನಕಾಯಿ ಇತ್ತು, ಪ್ರಾರ್ಥನೆಯ ನಡುವೆ ತಪ್ಪದೆ ಕೂಗುವ ಒಂದು ಹುಂಜವಿತ್ತು. ಗುರುವನ್ನೇ ಅರಿಯೆ ಎಂದ ಶಿಷ್ಯ ಹುಂಜ ಕೂಗಿದ ಕೂಡಲೇ ಹೊರಗೆ ಹೋಗಿ ಅತ್ತನಲ್ಲ, ಹಾಗೆ ನಮ್ಮ ಧರ್ಮದಲ್ಲಿ ಹುಂಜ ಕೂಗಿದರೆ ಯಾರಾದರೂ ಹೊರಗೆ ಹೋಗಿ ಅಳಬೇಕು ಎಂದು ನಾನು ಪಕ್ಕದವರ ಕಿವಿಯಲ್ಲಿ ಹೇಳುತ್ತಿದ್ದೆ. ಆಗ ಹೊನ್ನೂರಮ್ಮ ಬಂದಳು.

ಹೊನ್ನೂರಮ್ಮನ ಬಳಿ ಹೊನ್ನೂ ಇಲ್ಲ, ಊರೂ ಇಲ್ಲ; ಊರ ಹೊರಗೊಂದು ಗುಡಿಸಲು, ಬೆಳೆಯ ಪಾಲು ಕೊಡುವ ಕರಾರಿನ ಮೇಲೆ ಕೋರಿಗೆ ಹಿಡಿದ ತುಂಡು ಹೊಲ. ಸಿರುಗುಪ್ಪಕ್ಕೆ ಕೊಟ್ಟಿದ್ದ ಒಬ್ಬಳೇ ಮಗಳು ಹೋದ ವರ್ಷ ಚೊಚ್ಚಲ ಹೆರಿಗೆಗೆ ಬಂದು, ಕೂಸಿನ ಸಂಗಡವೇ ತೀರಿಕೊಂಡಳು. ಬಸುರಿಯ ತೋಳಿಗೆ ತಾಯಿ ದರ್ಗಾದ ತಾಯತ ಕಟ್ಟಿಸಿದ್ದಳು. ಮಣ್ಣು ಕೊಡುವಾಗ ಅದು ನಮ್ಮ ಸಭೆಯ ಹಿರಿಯ ದೇವದಾನಪ್ಪನ ಕಣ್ಣಿಗೆ ಬಿತ್ತು. "ದೇವರು ನ್ಯಾಯವಂತ, ಹೊನ್ನೂರಮ್ಮ. ಸುಮ್ಮ ಹೊಡಿಯಾಂಗಿಲ್ಲ. ನಿನ್ನ ಪಾಪ ಹುಡುಕ್ಕೋ" ಎಂದ, ಕುಣಿಯ ದಂಡೆಯಲ್ಲಿ ನಿಂತು. ಅಂದಿನಿಂದ ಹೆಂಗಸರು ಅವಳ ಪಕ್ಕ ಕೂರುವುದನ್ನು ಬಿಟ್ಟರು. ಈ ವರ್ಷ ಅವಳ ಜೋಳಕ್ಕೆ ಕಾಡಿಗೆ ರೋಗ ಬಿತ್ತು. ನೀನು ಪೇಟೆಯವನು, ನೋಡಿರಲಾರೆ. ತೆನೆ ಹೊರಗಿನಿಂದ ತೆನೆಯಂತೆಯೇ ಇರುತ್ತದೆ, ಹಿಚುಕಿದರೆ ಕಾಳಿನ ಬದಲು ಕಣ್ಣಿಗೆ ಹಚ್ಚುವ ಕಾಡಿಗೆಯಂಥ ಕರಿ ಪುಡಿ. ದೇವದಾನಪ್ಪನ ತರ್ಕಕ್ಕೆ ಎರಡನೆಯ ಸಾಕ್ಷಿ ಸಿಕ್ಕಿತು.

ಅಂಥ ತೆನೆಗಳ ಒಂದು ಕಟ್ಟನ್ನು ಅವಳು ಮೇಜಿನ ಮುಂದೆ ಇಟ್ಟಳು. ಕುಂಬಳಕಾಯಿಯ ಮೇಲೆಲ್ಲ ಕಪ್ಪು ಉದುರಿತು.

"ಏನಬೇ ಇದು?" ಎಂದ ದೇವದಾನಪ್ಪ.

"ಕಾಣಿಕಿ."

"ಕುಂಟು, ಕುರುಡು, ರೋಗ ಬಡಿದಿದ್ದು ದೇವರ ಮುಂದ ತರಬಾರದು ಅಂತ ಬರದೈತಿ. ಗೊತ್ತಿಲ್ಲೇನು ನಿನಗ?"

"ಒಳ್ಳೇದು ಮನ್ಯಾಗ ಬಚ್ಚಿಟ್ಟು ಕೆಟ್ಟದ್ದು ತಂದ್ರ ಬೈಯಿ ಯಪ್ಪಾ. ಅವ ನನಗ ಕೊಟ್ಟಿದ್ದ ಇದು. ಅವನ ಪಾಲು ಅವನಿಗೆ ಕೊಡಾಕ ಬಂದೀನಿ."

"ತಗೊಂಡು ಹೋಗು."

"ಹೋಗ್ತೀನಿ. ಇದನ್ನ ಬ್ಯಾಡ ಅಂದ್ರ ನನ್ನೂ ಬ್ಯಾಡ ಅಂದಂಗ. ಮತ್ತ ಈ ಹೊಸ್ತಿಲು ತುಳಿಯಾಂಗಿಲ್ಲ, ನಾ ಸತ್ರೂ ಮಣ್ಣು ಕೊಡಾಕ ನೀವು ಬರಬ್ಯಾಡ್ರಿ."

ಅವಳು ಕೂಗಾಡಲಿಲ್ಲ ರಾಘಣ್ಣ. ಹಾಲು ಮಾರುವವಳು ಹೊತ್ತಾಯಿತೆಂದು ಹೇಳುವ ಹಾಗೆ ಹೇಳಿದಳು. ಬಾಗಿಲ ಹತ್ತಿರ ಹೋಗಿ ನಿಂತಳು. ಎಲ್ಲರೂ ಪಾದ್ರಿಗಳ ಮುಖ ನೋಡಿದರು. ಬಳ್ಳಾರಿಯಿಂದ ಬಸ್ಸಿನಲ್ಲಿ ಧೂಳು ಕುಡಿದು ಬಂದಿದ್ದ ಆ ಸಾಧು ಜೀವಿ ಕೆಮ್ಮಿ, "ಮೇಜಿನ ಮುಂದ ಇಟ್ಟಾತಲ್ಲ, ಇನ್ನ ಮೇಷ್ಟ್ರ ಕೆಲಸ" ಎಂದು ನನ್ನ ಕಡೆ ಕೈ ತೋರಿಸಿದರು.

ಯಾರ ಪರ ನಿಲ್ಲಬೇಕೆಂಬುದರಲ್ಲಿ ನನಗೆ ಅನುಮಾನವೇನೂ ಇರಲಿಲ್ಲ. ಮಕ್ಕಳನ್ನೂ ದನಕರುಗಳನ್ನೂ ಕಳೆದುಕೊಂಡು, ಮೈಯೆಲ್ಲ ಹುಣ್ಣಾಗಿ ಬೂದಿಯಲ್ಲಿ ಕೂತ ಒಬ್ಬ ಹಿರಿಯನ ಕಥೆ ನಮ್ಮಲ್ಲಿದೆ. ಹಾಸ್ಟೆಲಿನಲ್ಲಿ ನಿನಗೆ ಹೇಳಿದ್ದೆ. ಸ್ನೇಹಿತರು ಬಂದು 'ನೀನೇ ಏನೋ ಪಾಪ ಮಾಡಿದ್ದೀ, ದೇವರು ತಪ್ಪುವವನಲ್ಲ' ಎಂದು ವಾದಿಸುತ್ತಾರೆ. ಅವನು ದೇವರನ್ನೇ ಕಟಕಟೆಗೆ ಕರೆಯುತ್ತಾನೆ. ಕೊನೆಗೆ ದೇವರು ಬೈಯುವುದು ಯಾರನ್ನು? ತನ್ನ ಪರವಾಗಿ ವಕಾಲತ್ತು ಹಾಕಿದ ಸ್ನೇಹಿತರನ್ನು! ಫೀಸೂ ಇಲ್ಲ, ಮರ್ಯಾದೆಯೂ ಇಲ್ಲ. ಇಷ್ಟನ್ನು ಸಭೆಗೆ ನೆನಪು ಮಾಡಿಕೊಟ್ಟು, ಹೊನ್ನೂರಮ್ಮನನ್ನು ಸವಾಲು ಮುಗಿಯುವತನಕ ನಿಲ್ಲು ಎಂದು ಹೇಳಿ, ಕಟ್ಟನ್ನು ಎತ್ತಿ ಹಿಡಿದೆ. "ಕಾಡಿಗಿ ತೆನಿ! ಕುರುಗೋಡಿನ ಹೊಲದ್ದು! ಯಾರು ಕೇಳ್ತೀರಿ?"

ಯಾರೂ ಕೇಳಲಿಲ್ಲ. ಹೆಂಗಸರೇ, ಕಣ್ಣಿಗೆ ಕಾಡಿಗೆ ಬೇಡವೇ ಎಂದೆ. ನಗುವಿಲ್ಲ. ಹೊನ್ನೂರಮ್ಮ ಸೆರಗು ಸರಿ ಮಾಡಿಕೊಂಡು ಹೊಸ್ತಿಲ ಕಡೆ ತಿರುಗಿದಳು.

ಆಗ ಗಾಡಿ ಹೊಡೆಯುವ ಸುಂಕಣ್ಣ, ಪ್ರತಿ ಸವಾಲಿನಲ್ಲೂ ಮೊದಲು ಬಾಯಿ ಹಾಕಿ ಏನನ್ನೂ ಕೊಳ್ಳದವನು, ಎದ್ದು ನಿಂತ. "ನನ್ನ ಕರಿ ಎತ್ತು."

"ಎತ್ತು ಕೊಟ್ಟು ಬೂದಿ ಕೊಳ್ತೀಯೇನಲೇ?" ಎಂದೆ. ಈಗ ನಕ್ಕರು.

"ಜೀವಂತ ಇದ್ರ ಕೊಡ್ತಿದ್ದಿಲ್ಲ ಮೇಷ್ಟ್ರ. ಸತ್ತಿದ್ದನ್ನ ಕೊಡ್ತೀನಿ. ಕಾರಹುಣ್ಣಿವಿ ದಿನ ಸತ್ತಿದ್ದು. ಮೈಮ್ಯಾಲ ಬಣ್ಣ ಹಂಗ ಇತ್ತು." ಕೈಯಲ್ಲಿದ್ದ ರುಮಾಲನ್ನು ಕಂಕುಳಿಗೆ ಸೇರಿಸಿದ. "ಯಾಕಂತ ನಾನೂ ದೇವರನ್ನ ಕೇಳಿದ್ದೆ. ಗುಡ್ಯಾಗ ಕೇಳಬಾರದು ಅಂತ ಹೊಲದಾಗ ಕೇಳಿದ್ದೆ. ಅದನ್ನ ಇದರ ಮ್ಯಾಲ ಬೆಲಿ ಅಂತ ಹಾಕ್ರಿ."

ನಗು ನಿಂತಿತು. ಹೆಂಗಸರ ಸಾಲಿನಿಂದ ಹುಲುಗಮ್ಮ ಕೈಯೆತ್ತಿದಳು. ಅವಳ ಗಂಡ ಯುದ್ಧದ ಕಾಲದಲ್ಲಿ ದಂಡಿಗೆ ಸೇರಿ ಬರ್ಮಾಕ್ಕೆ ಹೋದವನು. "ನಂದೂ ಹಾಕ್ರಿ. ಸತ್ತಾನ ಅಂತ ಕಾಗದ ಬಂದಿಲ್ಲ, ಬದುಕ್ಯಾನ ಅಂತಾನೂ ಬಂದಿಲ್ಲ. ತಾಳಿ ಬಿಚ್ಚಲೋ ಬ್ಯಾಡೋ, ಯಾರೂ ಹೇಳವಲ್ಲರು."

ಒಬ್ಬರ ಹಿಂದೆ ಒಬ್ಬರು ಎದ್ದು ತಮ್ಮ ತಮ್ಮ ನೋವು ಹೇಳಿದರು. ನನ್ನ ಬಾಯಿಗೆ ಕೆಲಸವಿರಲಿಲ್ಲ. ಹಿಂದಿನಿಂದ ಯಾರೋ "ಮೇಷ್ಟ್ರ, ನಿಮ್ದು ಬರಲಿಲ್ಲ" ಎಂದರು. ಕೂಗುವವನು ಬೇಡುವಂತಿಲ್ಲ ಎಂಬ ನಿಯಮ ಹೇಳಿ ನಕ್ಕೆ. ನಾನೊಬ್ಬನೇ ನಕ್ಕೆ.

ಕೊನೆಗೆ ಎದ್ದವನು ದೇವದಾನಪ್ಪ. ಮೇಜನ್ನು ಹಿಡಿದುಕೊಂಡು, ಯಾರ ಮುಖವನ್ನೂ ನೋಡದೆ ಹೇಳಿದ:

"ನನ್ನ ಮೊದಲನೇ ಹೇಣ್ತಿ. ಹೆರಿಗ್ಯಾಗ ಹೋದಳು. ಒಳಗ ಅಕಿ ಒದರೋದು, ಹೊರಗ ನಾನು ಮೊಣಕಾಲೂರಿ ಕುಂತಿದ್ದೆ. ಯಾವ ಪಾಪಕ್ಕ ಅಂತ ಮೂವತ್ತು ವರ್ಸ ಹುಡುಕೀನಿ. ಸಿಕ್ಕಿಲ್ಲ."

ಹೊನ್ನೂರಮ್ಮ ಬಾಗಿಲಿಂದ ಒಂದು ಹೆಜ್ಜೆ ಒಳಗೆ ಬಂದಳು. "ಹಂಗಿದ್ರ ನನಗ್ಯಾಕ ಅಂದಿ ಯಪ್ಪಾ, ಅಂಥಾ ಮಾತು?"

"ನಿಂದಾದ್ರೂ ಸಿಗಬೇಕಿತ್ತು ತಾಯಿ," ಎಂದ ಅವನು. "ಸಿಕ್ಕಿದ್ರ, ದೇವರ ಹತ್ರ ನ್ಯಾಯ ಐತಿ ಅಂತ ಖಾತ್ರಿ ಆಗ್ತಿತ್ತು."

ರಾಘಣ್ಣ, ನೀನೂ ನಾನೂ ಓದಿದ ತರ್ಕದಲ್ಲಿ ಈ ವಾಕ್ಯಕ್ಕೆ ಜಾಗವಿಲ್ಲ. ಅಷ್ಟು ದಿನ ನಾನು ಅವನನ್ನು ಕಲ್ಲು ಎಂದುಕೊಂಡಿದ್ದೆ.

ಹೊನ್ನೂರಮ್ಮ ಹೋಗಿ ಹುಲುಗಮ್ಮನ ಪಕ್ಕ ಕೂತಳು. ಹುಲುಗಮ್ಮ ಸರಿದು ಜಾಗ ಕೊಟ್ಟಳು. ಸವಾಲು ನನ್ನ ಕೈಯಲ್ಲಿಯೇ ಉಳಿದಿತ್ತು. "ಒಂದನೇ ಸಲ," ಎಂದೆ. "ಎರಡನೇ ಸಲ," ಎಂದೆ. ಮೂರನೆಯದನ್ನು ಕೂಗಲು ಆಗಲಿಲ್ಲ. ಯಾರ ನೋವು ಹೆಚ್ಚಿನದು ಎಂದು ಸುತ್ತಿಗೆ ಹೊಡೆದು ಹೇಳುವ ಅಧಿಕಾರ ನನಗೆ ಯಾವ ಟ್ರೈನಿಂಗ್ ಸ್ಕೂಲಿನಲ್ಲೂ ಕೊಟ್ಟಿಲ್ಲ. "ಸವಾಲು ಮುಗಿದಿಲ್ಲ," ಎಂದು ಹೇಳಿ ಕಟ್ಟನ್ನು ಪಾದ್ರಿಗಳ ಕೈಗೆ ಕೊಟ್ಟೆ. ಅವರು ಅದನ್ನು ಕಾಳಿನ ರಾಶಿಯ ಮೇಲೆ ಇಡಲು ಹೋದಾಗ ಸುಂಕಣ್ಣ, "ಅಲ್ಲಿ ಬ್ಯಾಡ್ರಿ, ಬೀಜದ ಜೋಳಕ್ಕ ತಾಕೀತು!" ಎಂದು ಕಿರುಚಿದ. ದುಃಖ ದುಃಖವೇ, ಬೇಸಾಯ ಬೇಸಾಯವೇ. ಕೊನೆಗೆ ಮೇಜಿನ ಹಿಂದಿನ ಗೋಡೆಯಲ್ಲಿ, ಶಿಲುಬೆಯ ಕೆಳಗಿನ ಮೊಳೆಗೆ ತೂಗುಹಾಕಿದರು. ಪಾದ್ರಿಗಳ ಬಿಳಿ ನಿಲುವಂಗಿ ಎದೆಯ ಮೇಲೆ ಕಪ್ಪಾಯಿತು. ಅಗಸರ ಓಬಣ್ಣ ಇನ್ನೂ ಅದರ ಜೊತೆ ಗುದ್ದಾಡುತ್ತಿದ್ದಾನೆ. ಸವಾಲಿನ ನಂತರದ ಪವಿತ್ರ ಭೋಜನಕ್ಕೆ ಅದೇ ಕಪ್ಪು ಕೈಯಿಂದ ಅವರು ರೊಟ್ಟಿ ಮುರಿದು ಕೊಟ್ಟರು, ನಾವು ತಿಂದೆವು.

ಇದು ನಿನ್ನ ಪ್ರಶ್ನೆಗೆ ಉತ್ತರವಲ್ಲ ಎನ್ನುತ್ತೀಯ. ಒಪ್ಪಿದೆ. ಆದರೂ ದೇವರು ನ್ಯಾಯವಂತನೇ ಎಂದರೆ ಹೌದು ಎಂದೇ ಬರೆಯುತ್ತೇನೆ, ಮಸಿ ಹೆಚ್ಚು ಅದ್ದಿ. ಕೇಸು ಇನ್ನೂ ನಡೆಯುತ್ತಿದೆ. ಶಿಲುಬೆಯ ಮೇಲೆ 'ಯಾಕೆ ಕೈಬಿಟ್ಟೆ' ಎಂದು ಕೇಳಿದವನಿಗೂ ಆ ಹೊತ್ತು ಉತ್ತರ ಬರಲಿಲ್ಲ. ಕೇಳುವವರ ಸಾಲಿನಲ್ಲಿ ಬಂದು ಕೂತ ನ್ಯಾಯಾಧೀಶನನ್ನು ನಾನು ನಂಬಬಲ್ಲೆ. ನೀನು ಇದಕ್ಕೆ ಖಂಡನೆ ಬರೆ. ತಪ್ಪಿಲ್ಲದೆ ಬರೆದರೆ ಅವಲಕ್ಕಿಯ ಋಣ ತೀರಿತು ಎಂದುಕೊಳ್ಳುತ್ತೇನೆ.

ನಿನ್ನ ತಾಯಿ ತಿರುಮಲಮ್ಮನವರಿಗೆ ನನ್ನ ನಮಸ್ಕಾರ. ನನ್ನ ದೇವರಿಗೂ ಅವರ ಪ್ರಾರ್ಥನೆ ಕೇಳಿಸುತ್ತದೆ ಎಂದು ತಿಳಿಸು. ನಿನ್ನ ಮನೆಯಾಕೆ ವೆಂಕೂಬಾಯಿಯವರಿಗೆ, ಮಗ ಅನಂತನಿಗೆ ಎಲ್ಲ ಒಳ್ಳೆಯದಾಗಲಿ. ನಿನ್ನ ಮನೆಯ ದೀಪ ನಂದದಿರಲಿ.

ನಿನ್ನ,
ಸತ್ಯಮಿತ್ರ

ಮರೆತ ಮಾತು ಎಂದು ಬರೆಯುವುದು ರೂಢಿ. ಮರೆತಿಲ್ಲ.

ಕರುಣಾ ಇಲ್ಲ, ರಾಘಣ್ಣ. ಗಂಟಲಮಾರಿ. ಭಾದ್ರಪದದಲ್ಲಿ, ಬಳ್ಳಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಬಸ್ಸಿನಲ್ಲೇ, ಕೋಟೆ ಗುಡ್ಡ ಕಾಣುವ ಹೊತ್ತಿಗೆ, ಅವಳ ಅಮ್ಮ ಸುವರ್ಣಮ್ಮನ ಮಡಿಲಲ್ಲಿ. "ಅಕೋ ಗುಡ್ಡ" ಎಂದು ತೋರಿಸಲು ಹೋದೆ. ನಿನ್ನ ರಿಬ್ಬನ್ ಅದಾದ ಮೇಲೆ ಬಂತು. 'ನನ್ನ ಸೊಸೆಯ ಜಡೆ ಎಷ್ಟುದ್ದ ಆಗಿದೆ ಬರಿ' ಎಂದಿದ್ದೆಯಲ್ಲ, ಅದಕ್ಕೆ ಉತ್ತರ ಬರೆಯಲು ಇಷ್ಟು ದಿನ ಹಿಡಿಯಿತು. ಕೂಗುವವನು ಬೇಡುವಂತಿಲ್ಲ, ಅದಕ್ಕೇ ನನ್ನ ಸವಾಲನ್ನು ನಿನ್ನ ಅಂಚೆಗೆ ಹಾಕುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಗುಡಿಯ ಕಿಟಕಿ ಮುಚ್ಚಲು ಹೋಗಿದ್ದೆ. ಕಾಡಿಗೆ ತೆನೆಯ ಕಟ್ಟಿಗಿದ್ದ ನಾರು ಬಿಚ್ಚಿ ಕೆಳಗೆ ಬಿದ್ದಿತ್ತು. ಅದರ ಬದಲು ಕೆಂಪು ರಿಬ್ಬನ್ ಬಿಗಿದಿತ್ತು, ಜಡೆಗೆ ಹಾಕುವಂಥ ಹೂಗಂಟು. ಇಲ್ಲಿ ಒಲೆಯ ಮುಂದೆ ಸುವರ್ಣಮ್ಮ ರೊಟ್ಟಿ ಬಡಿಯುತ್ತಿದ್ದಾಳೆ. ಅವಳ ಬೆರಳುಗಳು ಇನ್ನೂ ಕಪ್ಪಗಿವೆ.