ಅಧ್ಯಕ್ಷರ ಬಲಗಣ್ಣು

ಫೆಬ್ರವರಿ 6, ಗುರುವಾರ

ಸಂಘದ ಬುಲೆಟಿನ್ ಪ್ರೆಸ್ಸಿಗೆ ಹೋಯಿತು. ಅಬ್ಬಾ. ವಾರ್ಷಿಕ ಸಭೆಗೆ ಇನ್ನು ಮೂರೂವರೆ ವಾರ. ಹಾಲ್ ಬುಕ್ ಆಗಿದೆ, ಬ್ಯಾಡ್ಜ್ ಆಗಿಲ್ಲ. ಉಪಾಧ್ಯಕ್ಷರ ಸ್ವಾಗತ ಭಾಷಣಕ್ಕೆ ಐದು ನಿಮಿಷ ಎಂದು ಹಾಕಿದ್ದೆ. ಫೋನ್ ಬಂತು: "ಐದು ನಿಮಿಷದಲ್ಲಿ ನಾನು ಗಂಟಲು ಸರಿ ಮಾಡ್ಕೊಳ್ಳೋದಷ್ಟೇ ಆಗತ್ತೆ ಮೇಡಂ." ಇವರಿಗೆ ಸುಮ್ಮನೆ ಮೈಕ್ ಎಂದು ಹೆಸರಿಟ್ಟಿಲ್ಲ ನಾವು. ಹತ್ತು ಕೊಟ್ಟೆ. ಅರ್ಧ ಗಂಟೆ ತಿನ್ನುತ್ತಾರೆ, ನೋಡುತ್ತಿರು.

ಸದಸ್ಯತ್ವ ನವೀಕರಣದ ಫಾರಂ ಬಗ್ಗೆ ಈ ಸಲ ನಾಲ್ಕು ಸಾಲು ಖಾರವಾಗಿಯೇ ಬರೆದೆ. ಊರವರ ಕಣ್ಣು ನೋಡಿ ಕನ್ನಡಕ ಬರೆದುಕೊಡುವ ಆಪ್ಟೋಮೆಟ್ರಿಸ್ಟ್ ಆದವರು ವರ್ಷಕ್ಕೊಮ್ಮೆ ತಮ್ಮ ಕಣ್ಣನ್ನು ಇನ್ನೊಬ್ಬ ಸದಸ್ಯರಿಂದ ಪರೀಕ್ಷೆ ಮಾಡಿಸಿ ಸಹಿ ಹಾಕಿಸಬೇಕು—ನಿಯಮ ಹಳೆಯದು. ಮಾಡುವವರು ಯಾರು? ಟೀ ಕುಡಿಯುತ್ತ ಫಾರಂ ಅದಲು ಬದಲು. ನಿನ್ನದಕ್ಕೆ ನಾನು, ನನ್ನದಕ್ಕೆ ನೀನು. ಆರು ಬೈ ಆರು, ಎರಡೂ ಕಣ್ಣು, ಚೆನ್ನಾಗಿದೆ, ಸಹಿ. ಒಂದೇ ಕ್ಲಿನಿಕ್ಕಿನಲ್ಲಿ ಕೂತು ಇಪ್ಪತ್ತೆರಡು ವರ್ಷದಿಂದ ಅಣ್ಣನೂ ನಾನೂ ಮಾಡುತ್ತಿರುವುದು ಅದೇ. ಅವನು ಅಧ್ಯಕ್ಷ, ನಾನು ಕಾರ್ಯದರ್ಶಿ. ಊರಿಗೆಲ್ಲ ಬುದ್ಧಿ ಹೇಳುವ ಜೋಡಿ.

ಇಷ್ಟು ಬರೆದ ಮೇಲೆ ಈ ವರ್ಷವಾದರೂ ನಿಜವಾಗಿ ಮಾಡಬೇಕು. ಅಣ್ಣನಿಗೆ ಹೇಳಿದೆ. ನಕ್ಕ. "ಸರಿ ಮಾರಾಯ್ತಿ, ಸೋಮವಾರ ಕೂರಿಸು."

ಫೆಬ್ರವರಿ 10, ಸೋಮವಾರ. ಬೆಳಿಗ್ಗೆ 9.10

ಹೊರಗೆ ಇಬ್ಬರು ಪೇಷಂಟ್ ಕಾಯುತ್ತಿದ್ದಾರೆ. ಐದು ನಿಮಿಷ ಕಾಯಲಿ. ಬರೆದುಬಿಡುತ್ತೇನೆ.

ನಿನ್ನೆ ಭಾನುವಾರ ನಾನೊಬ್ಬಳೇ ಬಂದು ಅಕ್ಷರ ಓದಿಸುವ ಚಾರ್ಟಿನ ಹಾಳೆ ಬದಲಾಯಿಸಿದ್ದೆ. ಹಳೆಯದು ಹಳದಿ ತಿರುಗಿತ್ತು. ಡಬ್ಬ ಅದೇ, ಲೈಟು ಅದೇ, ಅಕ್ಷರ ಮಾತ್ರ ಬೇರೆ. ಅಣ್ಣನಿಗೆ ಹೇಳಲು ಮರೆತೆ.

ಅವನು ಬಂದು ಕೂತ. ಬಲಗಣ್ಣು ಮೊದಲು, ಎಡಗಣ್ಣು ಮುಚ್ಚಿದ. ಕೊನೆಯ ಸಾಲು ಓದು ಎಂದೆ. ಪಟಪಟ ಓದಿದ—ಎಚ್, ಡಿ, ಕೆ, ಆರ್, ಓ.

ಹಳೆಯ ಹಾಳೆಯ ಸಾಲು.

ತಮಾಷೆ ಎಂದುಕೊಂಡೆ. ನಕ್ಕೂಬಿಟ್ಟೆ. "ಮೇಲಿನ ಸಾಲು?" ಎಂದೆ. ಅದನ್ನೂ ಓದಿದ. ಅದರ ಮೇಲಿನದನ್ನೂ. ಎಲ್ಲಾ ಬಾಯಿಪಾಠ. ಎದುರಿನ ಹೊಸ ಹಾಳೆಯಲ್ಲಿ ಒಂದು ಸಾಲೂ ಹಾಗಿಲ್ಲ.

ಪೆನ್ನು ಫಾರಂ ಮೇಲೆ ಇಟ್ಟುಬಿಟ್ಟೆ. ಅವನಿಗೆ ಏನೋ ಅನ್ನಿಸಿತು. ಕೈ ತೆಗೆದು ಎಡಗಣ್ಣಲ್ಲಿ ನೋಡಿದ. ತುಂಬಾ ಹೊತ್ತು ನೋಡಿದ.

"ಯಾವಾಗ ಬದಲಾಯಿಸ್ದೆ?"

"ನಿನ್ನೆ."

"ಹೇಳ್ಬಾರ್ದಿತ್ತಾ?"

ಎದ್ದು ಹೋಗಿ ತನ್ನ ರೂಮಿನ ಬಾಗಿಲು ಹಾಕಿಕೊಂಡ. ದೇವರೇ.

ಅದೇ ದಿನ, ಸಂಜೆ

ಅವನ ಪೇಷಂಟುಗಳನ್ನೆಲ್ಲ ನಾನೇ ನೋಡಿದೆ. ಸಂಜೆ ಬಾಯಿ ಬಿಟ್ಟ. ಎಂಟು ತಿಂಗಳಾಯಿತಂತೆ. ಮೊದಲು ಬಾಗಿಲ ಚೌಕಟ್ಟು ಸೊಟ್ಟ ಕಂಡಿತು. ಆಮೇಲೆ ನಡುವೆ ಮಬ್ಬು. ಈಗ ಎದುರಿಗಿದ್ದವರ ಮುಖ ಇರುವ ಜಾಗದಲ್ಲಿ ಬೂದು. ಪೇಷಂಟುಗಳನ್ನು ಎಡಗಣ್ಣೊಂದರಲ್ಲೇ ನೋಡುತ್ತಿದ್ದ. ಸ್ಟೂಲು ಪಕ್ಕಕ್ಕೆ ಸರಿಸಿದ್ದು ಯಾಕೆಂದು ಕೇಳಿದ್ದಕ್ಕೆ ಕತ್ತು ನೋವು ಎಂದಿದ್ದ. ನಾನು ಮುಲಾಮು ತಂದು ಕೊಟ್ಟಿದ್ದೆ! ಪೆದ್ದಿ.

ಬಾಗಿಲು ಸೊಟ್ಟ ಕಂಡರೆ ಅವತ್ತೇ ಓಡಿ ಬನ್ನಿ ಎಂದು ಸಾವಿರ ಜನಕ್ಕೆ ಹೇಳಿದ ಬಾಯಿ ಅದು.

"ಯಾಕೆ ಹೇಳ್ಲಿಲ್ಲ?" ಎಂದು ಕೂಗಾಡಿದೆ.

"ಹೇಳಿದ್ರೆ ಮಾರನೇ ದಿನ ಈ ಕುರ್ಚಿಲಿ ನೀನು ನನ್ನ ಕೂರೋಕೆ ಬಿಡ್ತಿದ್ಯಾ? ಕೆಲ್ಸ ಬಿಟ್ರೆ ನಂಗೇನು ಬರತ್ತೆ ಹೇಳು?"

ಆಮೇಲೆ ಫಾರಂ ನನ್ನ ಮುಂದೆ ಸರಿಸಿದ. "ಇದೊಂದು ವರ್ಷ ಹಾಕ್ಬಿಡು. ಸಭೆ ಮುಗೀಲಿ."

ಹಾಕಲಿಲ್ಲ. ಅತ್ತಿಗೆಗೆ ಹೇಳಬೇಡ ಎಂದ. ಅದಕ್ಕೂ ಹೂಂ ಎನ್ನಲಿಲ್ಲ.

ಫೆಬ್ರವರಿ 14, ಶುಕ್ರವಾರ

ನಾಲ್ಕು ದಿನದಿಂದ ಮಾತಿಲ್ಲ. ಪೇಷಂಟ್ ನೋಡಬೇಡ ಎಂದಿದ್ದಕ್ಕೆ ಮುಖ ಗಂಟು. ಕೌಂಟರಿನಲ್ಲಿ ಕೂತು ಫ್ರೇಮು ಒರೆಸುತ್ತಾನೆ. ಒರೆಸಿದ್ದನ್ನೇ ಒರೆಸುತ್ತಾನೆ. ನೋಡಲಾಗುವುದಿಲ್ಲ.

ಮೈಕ್ ಫೋನ್. ನೂರಾ ಎಂಬತ್ತಾರು ಫಾರಂ ಬಂದಿವೆಯಂತೆ, ಎಲ್ಲಾ ಆರು ಬೈ ಆರು. "ನಮ್ ಸಂಘದಲ್ಲಿ ಹದ್ದುಗಳೇ ತುಂಬ್ಕೊಂಡಿದಾರೆ ಮೇಡಂ! ಅಧ್ಯಕ್ಷರದ್ದು, ನಿಮ್ದು ಎರಡೇ ಬಾಕಿ." ನಗು ಬರಲಿಲ್ಲ.

ಹಳೆಯ ಫೈಲು ತೆಗೆದೆ. ಹೋದ ವರ್ಷದ ಅಣ್ಣನ ಫಾರಂ. ಬಲಗಣ್ಣು ಆರು ಬೈ ಆರು. ರೆಟಿನಾ ಸಹಜ. ಕೆಳಗೆ ನನ್ನ ಸಹಿ, ದುಂಡಗೆ, ಮುದ್ದಾಗಿ. ನೋಡಿರಲಿಲ್ಲ. ಟಾರ್ಚು ಕೂಡ ಎತ್ತಿರಲಿಲ್ಲ.

ಅತ್ತಿಗೆಗೆ ಹೇಳಿದೆ. ಅವಳು ಅಳಲಿಲ್ಲ. "ಬುಧವಾರ ಡಾಕ್ಟರ್ ಹತ್ರ ಕರ್ಕೊಂಡು ಹೋಗೋಣ, ಎಳ್ಕೊಂಡಾದ್ರೂ ಸರಿ" ಎಂದಳು.

ಫೆಬ್ರವರಿ 19, ಬುಧವಾರ

ರೆಟಿನಾ ಡಾಕ್ಟರು ಚಿಕ್ಕ ಹುಡುಗಿ. ಅಣ್ಣನ ಕ್ಲಾಸಿನಲ್ಲಿ ಯಾವಾಗಲೋ ಕೂತಿದ್ದಳಂತೆ, ಸರ್ ಸರ್ ಎಂದು ಎದ್ದು ನಿಂತಳು. ಸ್ಕ್ಯಾನ್ ನೋಡಿ ಕೂತಳು.

ಬಲಗಣ್ಣು ವಾಪಸ್ ಬರುವುದಿಲ್ಲ. ರಕ್ತನಾಳ ಸೋರಿ ಗಾಯ ಒಣಗಿ ಗಟ್ಟಿಯಾಗಿದೆ. ಎಡಗಣ್ಣಿನಲ್ಲೂ ಶುರುವಾಗಿದೆ, ಅದನ್ನು ಇಂಜೆಕ್ಷನ್ ಕೊಟ್ಟು ಉಳಿಸಬಹುದು.

"ಹೋದ ವರ್ಷ ಯಾರಾದ್ರೂ ಒಂದ್ಸಲ ಒಳಗೆ ನೋಡಿದ್ರೆ ಗೊತ್ತಾಗ್ತಿತ್ತು ಸರ್. ಆಗ ಸಿಕ್ಕಿದ್ರೆ ಬಲಗಣ್ಣೂ ಉಳೀತಿತ್ತು. ಯಾರೂ ನೋಡಿರ್ಲಿಲ್ವಾ?"

ಅಣ್ಣ ನನ್ನ ಕಡೆ ತಿರುಗಲಿಲ್ಲ. "ನಾನೇ ಬಿಡ್ಲಿಲ್ಲ" ಎಂದ. "ತಂಗಿ ಕೂರು ಅಂದ್ಳು. ಟೈಮಿಲ್ಲ ಅಂತ ಬೈದ್ಬಿಟ್ಟೆ."

ನಾನು ಬಾಯಿ ತೆರೆದೆ. ಅವನ ಕೈ ನನ್ನ ಮೊಣಕೈ ಮೇಲೆ ಬಂತು. ಒತ್ತಿದ. ಮುಚ್ಚಿದೆ.

ಕಾರಿನಲ್ಲಿ ಅತ್ತಿಗೆ ಅವನಿಗೇ ಬೈದಳು, ಮನೆ ತಲುಪುವವರೆಗೆ. "ಪಾಪ ಅವ್ಳು ಹೇಳಿದ್ಳಲ್ಲ, ಕೇಳೋಕೇನಾಗಿತ್ತು ನಿಮ್ಗೆ?" ಅವನು ಬೈಸಿಕೊಂಡ. ನಾನು ಹಿಂದಿನ ಸೀಟಿನಲ್ಲಿ ಕೂತಿದ್ದೆ. ನಾನು ಇಷ್ಟು ಹೇಡಿ ಎಂದು ನನಗೆ ಗೊತ್ತಿರಲಿಲ್ಲ.

ಮಾರ್ಚ್ 2, ಭಾನುವಾರ

ಸಭೆ ಆಯಿತು. ಮೈಕ್ ಮೂವತ್ತೈದು ನಿಮಿಷ. ಬ್ಯಾಡ್ಜಿನಲ್ಲಿ ಹನ್ನೊಂದು ಹೆಸರು ತಪ್ಪು. ಊಟಕ್ಕೆ ಮೊದಲು ನಾಲ್ಕನೇ ವಿಷಯ, ಸದಸ್ಯತ್ವ ನವೀಕರಣ. ನಾನು ವರದಿ ಓದಲು ಎದ್ದೆ. ಎಲ್ಲಾ ಹೇಳಿಬಿಡಬೇಕೆಂದು ಒಂದು ಹಾಳೆ ಬರೆದುಕೊಂಡೂ ಹೋಗಿದ್ದೆ.

ಅಣ್ಣ ಕೈ ಎತ್ತಿದ. "ಕಾರ್ಯದರ್ಶಿಗಳು ಕೂತ್ಕೊಳ್ಳಿ. ಇದು ನಾನು ಹೇಳೋದು."

ಮೆಟ್ಟಿಲು ಹುಡುಕುತ್ತ ವೇದಿಕೆಯ ಮುಂದೆ ಬಂದ. ಎಲ್ಲಾ ಹೇಳಿದ. ಚಾರ್ಟು ಬಾಯಿಪಾಠ ಒಪ್ಪಿಸಿದ್ದನ್ನು ಹೇಳುವಾಗ ಹಾಲ್ ನಕ್ಕಿತು. ಆಮೇಲೆ ಯಾರೂ ನಗಲಿಲ್ಲ. "ನಾನಿನ್ನು ಪೇಷಂಟ್ ನೋಡಲ್ಲ, ಈ ಕುರ್ಚಿಲೂ ಕೂರಲ್ಲ. ಹೋದ ವರ್ಷ ನನ್ ತಂಗಿ ಪರೀಕ್ಷೆ ಮಾಡ್ತೀನಿ ಅಂತ ಬಂದ್ಳು. ನಾನು ಓಡಿಸ್ದೆ. ಜೋರು ಮಾಡಿ ಸಹಿ ಹಾಕಿಸ್ಕೊಂಡೆ. ನಿಮ್ಮಲ್ಲಿ ಎಷ್ಟು ಜನ ಈ ವರ್ಷ ನಿಜವಾಗ್ಲೂ ಕೂತ್ರಿ? ಕೈ ಎತ್ತಿ."

ನಾಲ್ಕು ಕೈ.

ನೂರಾ ಎಂಬತ್ತಾರು ಫಾರಂ ವಾಪಸ್. ತಿಂಗಳೊಳಗೆ ಎಲ್ಲರೂ ಮತ್ತೆ ಮಾಡಿಸಬೇಕು ಎಂದು ನಿರ್ಣಯ. ಎದ್ದು ನಿಂತು ಚಪ್ಪಾಳೆ ಹೊಡೆದರು. ಊಟದ ಸಾಲಿನಲ್ಲಿ ಹತ್ತಾರು ಜನ ನನ್ನ ಕೈ ಹಿಡಿದರು. "ನಿಮ್ಮಂಥ ತಂಗಿ ಇರ್ಬೇಕು ಮೇಡಂ." ನಾನು ಕೈ ಮುಗಿದೆ. ಥೂ.

ಮನೆಗೆ ಬಂದ ಮೇಲೆ ಕೇಳಿದೆ, ಯಾಕೆ ಹಾಗೆ ಹೇಳಿದೆ ಎಂದು.

"ನನ್ನ ಕೆಲ್ಸ ಹೇಗೂ ಹೋಯ್ತು. ನಿಂದು ಯಾಕೆ ಹೋಗ್ಬೇಕು? ಕ್ಲಿನಿಕ್ ಯಾರು ನಡೆಸ್ತಾರೆ?" ಎಂದ. ಆಮೇಲೆ ಮೆಲ್ಲಗೆ, "ನಾನೂ ನಿಂದು ನೋಡಿರ್ಲಿಲ್ವಲ್ಲೇ, ಇಷ್ಟು ವರ್ಷ."

ಮಾರ್ಚ್ 3, ಸೋಮವಾರ. ಬೆಳಿಗ್ಗೆ 7

ನಡಾವಳಿ ಇವತ್ತೇ ಬರೆದು ಎಲ್ಲಾ ಸದಸ್ಯರಿಗೆ ಕಳಿಸಬೇಕು. ಕಾರ್ಯದರ್ಶಿ ಬರೆದದ್ದೇ ದಾಖಲೆ. ಒಂದು, ಎರಡು, ಮೂರು ಬರೆದಾಯಿತು. ನಾಲ್ಕಕ್ಕೆ ಬಂದು ಒಂದು ಗಂಟೆಯಾಯಿತು.

'ಹಿಂದಿನ ವರ್ಷ ಕಾರ್ಯದರ್ಶಿಯವರು ಪರೀಕ್ಷೆಗೆ ಒತ್ತಾಯಿಸಿದ್ದರೂ ತಾವು ನಿರಾಕರಿಸಿದ್ದಾಗಿ ಅಧ್ಯಕ್ಷರು ಸಭೆಗೆ ತಿಳಿಸಿದರು.' ಬರೆದೆ. ಅವನು ಹೇಳಿದ್ದು ಅದೇ ತಾನೇ? ಸುಳ್ಳೇನಲ್ಲ.

ಓದಿದೆ. ಪೂರ್ತಿ ಹೊಡೆದುಹಾಕಿದೆ.

ಮತ್ತೆ: 'ಅಧ್ಯಕ್ಷರ ಹೇಳಿಕೆಗೆ ಕಾರ್ಯದರ್ಶಿಯ ತಿದ್ದುಪಡಿ. ಹಿಂದಿನ ವರ್ಷ ನಾನು ಅವರನ್ನು ಪರೀಕ್ಷೆಗೆ ಕರೆದಿರಲೇ ಇಲ್ಲ. ನೋಡದೆ ಸಹಿ ಹಾಕಿದ್ದು ನಾನು.' ಇದನ್ನು ಹೊಡೆದುಹಾಕಲಿಲ್ಲ.