ಕೇಳಿದವರ ಹೆಸರು

ಮಾರ್ಚ್ ೪, ಸೋಮವಾರ

ರಾಜಧಾನಿ ಸುವಾದಲ್ಲಿ ಬೆಳಗಿನಿಂದಲೇ ಸೆಕೆ. ಎಂದಿನಂತೆ ದ್ವೀಪಗಳ ಕ್ಲಿನಿಕ್‌ಗಳ ಲಾಗ್, ಅಂದರೆ ಯಾರು ಯಾವ ದಾಖಲೆ ತೆರೆದರೆಂದು ಕಂಪ್ಯೂಟರ್ ಬರೆದಿಡುವ ಪಟ್ಟಿ, ನೋಡಿದೆ. ಮ್ಯಾನೇಜರ್ ಪ್ರವೀಂದ್ರ ಒಂದು ಸಾಲಿನ ಪ್ರಿಂಟ್ ಕೇಳಿದರು. ಲಾವ್ ದ್ವೀಪಗಳ ಕಡೆಯ ಒಂದು ಊರಿನ ಟೀಚರ್ — ಆಕೆಯ ರಕ್ತಪರೀಕ್ಷೆಯ ಫಲಿತಾಂಶವನ್ನು ಯಾರೋ ತೆರೆದು ನೋಡಿ ಊರಿಗೆಲ್ಲ ಹೇಳಿದ್ದಾರೆ. ಲಾಗ್‌ನಲ್ಲಿರುವುದು ಅಲ್ಲಿನ ನರ್ಸ್ ಉನೈಸಿಯ ಹೆಸರು. ಪ್ರಿಂಟ್ ಕೊಟ್ಟೆ. ಸರಿಯಿದೆಯೆಂದು ಸಹಿಯನ್ನೂ ಹಾಕಿದೆ.

ಮಾರ್ಚ್ ೧೨

ಉನೈಸಿ ಇಲ್ಲಿನ ರೂಢಿಯಂತೆ ಕಾವಾ ಬೇರಿನ ಕಟ್ಟು ಹೊತ್ತು ಆ ಟೀಚರ್ ಮನೆಗೆ ಹೋಗಿ, ತಲೆ ತಗ್ಗಿಸಿ ಕ್ಷಮೆ ಬೇಡಿದಳಂತೆ. ಅವರು ಸ್ವೀಕರಿಸಿದರಂತೆ. ಊರಿನ ಮಟ್ಟಿಗೆ ಮುಗಿಯಿತು.

ಆಫೀಸಿಗೆ ಮಾತ್ರ ಅದು ತಪ್ಪೊಪ್ಪಿಗೆ. ಇಪ್ಪತ್ತೆರಡಕ್ಕೆ ವಿಚಾರಣೆ. ಕೆಲಸ ಹೋಗುವುದು ಖಂಡಿತ.

ಮಾರ್ಚ್ ೧೩, ಮಧ್ಯಾಹ್ನ

ಫಲಿತಾಂಶ ತೆರೆದ ಸಮಯ ಖಚಿತಪಡಿಸಿಕೊಳ್ಳಲು ಉನೈಸಿಗೆ ಫೋನ್ ಮಾಡಿದೆ.

"ಆಗ ನಾನು ಒಂದು ಮಗೂನ ಲಸಿಕೆ ಚೀಟಿ ನೋಡ್ತಿದ್ದೆ ಅಕ್ಕಾ. ಆದ್ರೆ ಮೆಷಿನ್ ನನ್ನ ಹೆಸರೇ ಹೇಳ್ತಲ್ಲ... ಕೈ ತಪ್ಪಿ ಒತ್ತಿರ್ಬೇಕು ಅಂದ್ಕೊಂಡೆ."

ತನ್ನ ನೆನಪಿಗಿಂತ ನನ್ನ ಲಾಗನ್ನು ನಂಬಿದ್ದಾಳೆ.

ಮತ್ತೆ ನೋಡಿದೆ. ಲಸಿಕೆ ಚೀಟಿ, ರಕ್ತಪರೀಕ್ಷೆ. ಎರಡೂ ಅವಳ ಹೆಸರಿನಲ್ಲಿ, ಒಂದೇ ಸೆಕೆಂಡಿನಲ್ಲಿ. ಒಬ್ಬರಿಂದ ಆಗದ ಕೆಲಸ.

ಮಾರ್ಚ್ ೧೮

ನಾಲ್ಕು ದಿನ ಬರೆಯಲಿಲ್ಲ. ಹೆದರಿಕೆಯೋ? ಹೌದು.

ಯಾರೇ ದಾಖಲೆ ತೆರೆದರೂ ನಮ್ಮ ಕಂಪ್ಯೂಟರಿಗೆ ಒಂದು ಕೋರಿಕೆ ಬರುತ್ತದೆ, ಕಳಿಸಿದವರ ವಿವರ ಹೊತ್ತೇ. ಹೆಸರನ್ನು ಆ ಕೋರಿಕೆಯಿಂದಲೇ ತಿಳಿಯಬೇಕು. ಎಂಟು ವರ್ಷದ ಹಿಂದೆ ಈ ಪ್ರೋಗ್ರಾಂ ಬರೆದಾಗ ನಾನು, ಪದೇ ಪದೇ ಕೇಳುವುದೇಕೆಂದು, ಎಲ್ಲರಿಗೂ ಒಂದೇ ಜಾಗದಲ್ಲಿ ಹೆಸರು ಬರೆದಿಡುವಂತೆ ಮಾಡಿದ್ದೆ. ಒಬ್ಬರ ಕೆಲಸ ಮುಗಿಯುವ ಮುನ್ನ ಇನ್ನೊಬ್ಬರು ಬಂದರೆ ಮೊದಲಿನ ಹೆಸರು ಅಳಿಯುತ್ತದೆ. ಇಬ್ಬರ ಕೆಲಸವೂ ಎರಡನೆಯವರ ತಲೆಗೆ.

ಎರಡು ಫೋನ್ ಹಿಡಿದು ಪರೀಕ್ಷಿಸುತ್ತಿದ್ದೆ — ಒಂದು ನನ್ನದು, ಇನ್ನೊಂದು ಪ್ರವೀಂದ್ರ ಅವರದು.

"ಏನಮ್ಮಾ, ಎರಡೂ ಕೈಲಿ ಫೋನು! ಮಂತ್ರಿ ಆಗೋ ಯೋಚನೇನಾ?" ಎಂದು ಪ್ರವೀಂದ್ರ ನಕ್ಕರು.

ಒಟ್ಟಿಗೆ ಒತ್ತಿದೆ. ಮೂವತ್ತೊಂದನೆಯ ಸಲಕ್ಕೆ ಎರಡೂ ಸಾಲಿನಲ್ಲಿ ಅವರ ಹೆಸರು. ತೋರಿಸಿದೆ. ನಗು ನಿಂತಿತು.

"ಊರಲ್ಲಿ ರಾಜಿ ಆಗಿದೆ. ಯಾಕೆ ಕೆದಕ್ತೀಯಾ? ಎಂಟು ವರ್ಷದ ಲಾಗ್ ಎಲ್ಲಾ ಸುಳ್ಳು ಅಂತ ಬರ್ಕೊಡ್ತೀಯಾ?"

"ಎಲ್ಲಾ ಅಲ್ಲ. ಯಾವುದು ಅಂತ ಗೊತ್ತಿಲ್ಲ, ಅಷ್ಟೆ."

"ಅದು ಇನ್ನೂ ಕೆಟ್ಟದ್ದು ಕಣಮ್ಮಾ."

ಮಾರ್ಚ್ ೨೧, ಬೆಳಿಗ್ಗೆ ೧೦

ಬರೆದುಕೊಟ್ಟೆ. ತಪ್ಪು ನನ್ನದು, ಹಾಕಿದ ಸಹಿ ತಪ್ಪು, ಎಂದು. ವಿಚಾರಣೆ ರದ್ದು.

ಉನೈಸಿಗೆ ನಾನೇ ಫೋನ್ ಮಾಡಿ ಹೇಳಿದೆ. ಹಿಂದೆ ಕೋಳಿ ಕೂಗುತ್ತಿತ್ತು.

"ಟೀಚರ್ ಮನೆಯವರು ಈಗ ನನ್ ಜೊತೆ ಊಟ ಮಾಡ್ತಾರೆ ಅಕ್ಕಾ. ಕ್ಷಮಿಸಿಬಿಟ್ಟಿದ್ದಾರೆ. ಈಗ ಹೋಗಿ ನಾನಲ್ಲ ಅಂದ್ರೆ, ಮತ್ಯಾರು ಅಂತಾರೆ. ಯಾರು?"

ಗೊತ್ತಿಲ್ಲ ಎಂದೆ. ಎಂದಿಗೂ ಗೊತ್ತಾಗುವುದಿಲ್ಲ ಎನ್ನಬೇಕಿತ್ತು. ಆ ಹೆಸರು ಎಲ್ಲಿಯೂ ಉಳಿದಿಲ್ಲ. ನಾನು ಅವಳಿಗೆ ಕೆಲಸ ಉಳಿಸಿಕೊಟ್ಟೆ, ಆದರೆ ಊರಿನಲ್ಲಿ ಪ್ರತಿಯೊಬ್ಬರನ್ನೂ ಅನುಮಾನಕ್ಕೆ ಒಡ್ಡಿದೆ.