ಜೊಂಡಿಗೆ ಯಾವ ದಾರ

ಮಾರ್ಚ್ 8, ಶನಿವಾರ

ನಾಲ್ಕು ಬಾಸ್ ಮೀನು. ಎಲ್ಲವನ್ನೂ ನೀರಿಗೇ ಬಿಟ್ಟು ಬಂದೆವು. ಜಲಾಶಯ ಇನ್ನೂ ತಣ್ಣಗಿದೆ, ಕೈ ಅದ್ದಿದರೆ ಬೆರಳು ಮರಗಟ್ಟುತ್ತದೆ. ಇಂಥ ನೀರಿನಲ್ಲಿ ಮೀನಿಗೂ ಸೋಮಾರಿತನ, ಓಡುವ ಲ್ಯೂರ್ ಎಂಬ ಹುಸಿಬೇಟೆಯ ಬೆನ್ನು ಹತ್ತುವುದಿಲ್ಲ. ಜಿಗ್ ಕಟ್ಟಬೇಕು — ಸೀಸದ ತಲೆ, ರಬ್ಬರ್ ಎಳೆಗಳ ಲಂಗ — ತಳಕ್ಕೆ ಬಿಟ್ಟು, ಮಂಡಿನೋವಿನ ಮುದುಕಿ ಮೆಟ್ಟಿಲು ಹತ್ತಿದ ಹಾಗೆ ಎಳೆಯಬೇಕು. ಅಪ್ಪ ಮಾತ್ರ ಸರ್ರನೆ ಈಜುವ ಹುಸಿಮೀನನ್ನೇ ಎಸೆಯುತ್ತಿದ್ದ.

"ಅಪ್ಪಾ, ಅದು ಈ ನೀರಿಗಲ್ಲ."

"ಗೊತ್ತು."

ಬದಲಾಯಿಸಲಿಲ್ಲ. ಅವನಿಗೆ ಸೊನ್ನೆ. ನಾಲ್ಕೂ ನನ್ನವು. ವಾಪಸು ಬರುವಾಗ ಮಾತಿಲ್ಲ. ನಮ್ಮಿಬ್ಬರ ನಡುವೆ ಮಾತು ಯಾವತ್ತೂ ಕಡಿಮೆಯೇ. ಅದೇ ನಮ್ಮ ಹೊಂದಾಣಿಕೆ ಎಂದುಕೊಂಡಿದ್ದೇನೆ.

ದಡದಲ್ಲಿ ತಮ್ಮ ಮತ್ತು ಅವನ ಹೆಂಡತಿ ಕಾರಿನೊಂದಿಗೆ ಕಾಯುತ್ತಿದ್ದರು. ಮದುವೆಯಾಗಿ ಇನ್ನೂ ವರ್ಷವಾಗಿಲ್ಲ. ಅವಳದ್ದು ಎತ್ತರದ ಕಟ್ಟಡಗಳಲ್ಲಿ ಟವರ್ ಕ್ರೇನ್ ನಡೆಸುವ ಕೆಲಸ. ದೋಣಿಯ ಹಗ್ಗ ಹಿಡಿದುಕೊಂಡು ಕೇಳಿದಳು, "ಮಾವ, ನನ್ನನ್ನೂ ಒಂದ್ಸಲ ಕರ್ಕೊಂಡ್ ಹೋಗ್ತೀರಾ?"

"ಮುಂದಿನ ಶನಿವಾರನೇ ಬಾಮ್ಮ."

ನನ್ನ ಕಡೆ ತಿರುಗಿ ನೋಡಲೂ ಇಲ್ಲ.

ಮಾರ್ಚ್ 15, ಶನಿವಾರ. ಮಧ್ಯಾಹ್ನ

ಬಂದಳು. ಅಪ್ಪ ಗಂಟು ಹಾಕುವುದನ್ನು ಕಲಿಸಿದ. ದಾರವನ್ನು ಎಂಜಲಲ್ಲಿ ಒದ್ದೆ ಮಾಡಿಕೊಂಡು ಬಿಗಿ, ಒಣದಾರ ಬಿಗಿದರೆ ತಿಕ್ಕಾಟಕ್ಕೆ ಸುಟ್ಟು ಸೊರಗುತ್ತದೆ... ನನಗೆ ಇದೇ ಪಾಠ ಆದದ್ದು ಅಡುಗೆಮನೆಯ ಬಾಗಿಲ ಹಿಡಿಯ ಮೇಲೆ. ಶಾಲೆಯ ರಜೆ ಪೂರ್ತಿ ಗಂಟು ಹಾಕಿಸಿದ್ದ, ದೋಣಿ ಹತ್ತಿಸಿರಲಿಲ್ಲ. ಇವಳು ನಾಲ್ಕು ಗಂಟು ಹಾಕುವಷ್ಟರಲ್ಲಿ ಗಾಳದ ರಾಡ್ ಕೈಗೆ ಬಂತು.

"ಜಿಗ್ ತಳ ಮುಟ್ಟಿದ್ದು ಗೊತ್ತಾಗ್ತಿದೆಯಾ?"

"ಆಗ್ತಿದೆ ಮಾವ. ಈಗ ಕಲ್ಲು. ಈಗ ಕೆಸರು. ಇದೇನೋ ಮರದ ಬೇರು."

ಸರಿಯಾಗಿಯೇ ಹೇಳಿದಳು. ಆಕಾಶದಲ್ಲಿ ಕೂತು ಹಗ್ಗದ ತುದಿಯ ಭಾರವನ್ನು ಓದುವ ಕೈ. ನನಗೆ ಅದು ಬರಲು ಮೂರು ವರ್ಷ ಬೇಕಾಗಿತ್ತು.

ಆಮೇಲೆ ಕೇಳಿದಳು, "ಈ ಮೀನಿಗೆ ಬಾಸ್ ಅಂತ ಯಾಕೆ ಹೆಸರು? ಯಾರ ಮೇಲೆ ಇದರ ದರ್ಬಾರು?"

"ಅದನ್ನ ನಿಮ್ಮತ್ತೇನ ಕೇಳು. ದರ್ಬಾರು ಅಂದ್ರೇನು ಅಂತ ಅವಳಿಗೆ ಗೊತ್ತು."

ಅಪ್ಪ ನಕ್ಕ. ಹೊಟ್ಟೆ ಕುಣಿಯುವ ಹಾಗೆ. ದೋಣಿ ಅಲ್ಲಾಡಿತು. ನನ್ನ ಜೊತೆಯಲ್ಲಿದ್ದಾಗ ಈ ದೋಣಿ ಗಾಳಿಗೆ ಮಾತ್ರ ಅಲ್ಲಾಡಿದೆ.

ಅವಳಿಗೆ ಎರಡು ಮೀನು. ನನಗೆ ಒಂದು. ಇನ್ನು ಮೇಲೆ ಇಲ್ಲಿ ಅವಳ ಹೆಸರು ಕ್ರೇನಮ್ಮ.

ಮಾರ್ಚ್ 18, ಮಂಗಳವಾರ

ನಾನು ಕೃತಕ ಹಲ್ಲು ಮಾಡುವ ಲ್ಯಾಬಿನಲ್ಲಿ ಎರಡು ಹಲ್ಲುಸೆಟ್ಟಿನ ಪಾಲಿಶ್. ಇಡೀ ದಿನ ಬೇರೆಯವರ ಹಲ್ಲು ಉಜ್ಜಿದೆ, ನನ್ನದನ್ನು ಕಡಿದೆ. ಮಿಕ್ಕ ಅಕ್ರಿಲಿಕ್‌ನಲ್ಲಿ ಲ್ಯೂರ್ ಮಾಡುವುದು ನನ್ನ ಹವ್ಯಾಸ. ಒಸಡಿನ ಬಣ್ಣದ್ದು ಒಂದಿತ್ತು. ಕಲಕಿದ ನೀರಿನಲ್ಲೂ ಎದ್ದು ಕಾಣುವಂಥದ್ದು, ಹೊಟ್ಟೆಯಲ್ಲಿ ಗಿಲಕಿಯ ಹಾಗೆ ಸದ್ದು ಮಾಡುವ ಗುಂಡುಗಳು. ಅಪ್ಪನ ಹುಟ್ಟುಹಬ್ಬಕ್ಕೆ ಕೊಟ್ಟಿದ್ದೆ. ಇವತ್ತು ಅಮ್ಮ ಫೋನಿನಲ್ಲಿ ಮಾತಿನ ಮಧ್ಯೆ ಹೇಳಿದಳು — ಅದು ಈಗ ಕ್ರೇನಮ್ಮನ ಡಬ್ಬಿಯಲ್ಲಿದೆಯಂತೆ.

"ಅವಳು ಚೆನ್ನಾಗಿದೆ ಅಂದ್ಲು, ಇವರು ಕೊಟ್ರು. ಅದಕ್ಕೇನೀಗ?"

"ಏನಿಲ್ಲ."

"ನಿನ್ನ ಏನಿಲ್ಲ ನಂಗೆ ಗೊತ್ತು. ಚಿಕ್ಕವಳಿದ್ದಾಗ ತಮ್ಮ ಹುಟ್ಟಿದ ದಿನ ಕೂಡ ಹೀಗೇ ಏನಿಲ್ಲ ಅಂತ ಮಂಚದ ಕೆಳಗೆ ಸೇರ್ಕೊಂಡಿದ್ದೆ. ಹೊಟ್ಟೆಕಿಚ್ಚಿಗೆ ಮಾತ್ರೆ ಇಲ್ಲ ಕಣೇ. ಊಟ ಮಾಡಿ ಮಲಗು."

ಹಿತ್ತಲ ಗಿಡ ಮದ್ದಲ್ಲ. ಮಗಳೆಂಬ ಗಿಡವಂತೂ ಹಿತ್ತಲಿನಲ್ಲೇ ಹುಟ್ಟಿದ್ದು.

ಏಪ್ರಿಲ್ 12, ಶನಿವಾರ

ಮೂರು ಶನಿವಾರ ಹೋಗಲಿಲ್ಲ. ಕೆಲಸ ಎಂದೆ. ಯಾರೂ "ಬಾ" ಎಂದು ಒತ್ತಾಯಿಸಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಇವತ್ತು ಸಂಜೆ ಅಪ್ಪನೇ ಮನೆಗೆ ಬಂದ. ಕಾಫಿ ಲೋಟ ಕೈಯಲ್ಲಿ ತಿರುಗಿಸುತ್ತಾ ಕೂತ. ತಿಂಗಳ ಕೊನೆಗೆ ಜೋಡಿ ಪಂದ್ಯ — ದೋಣಿಗೆ ಇಬ್ಬರು, ದಿನದ ಅತಿ ಭಾರದ ಮೀನಿಗೆ ಕಪ್. ನಾನು ಕಾಲೇಜು ಮುಗಿಸಿದಾಗಿನಿಂದ ನಾವಿಬ್ಬರೇ ಜೋಡಿ.

"ಈ ಸಲ ಅವಳನ್ನ ಕರ್ಕೊಂಡ್ ಹೋಗ್ತೀನಿ. ಅವಳಿಗೊಂಚೂರು ಬೇಕಾಗಿದೆ. ನೀನು ಬೇಜಾರು ಮಾಡ್ಕೋಬಾರ್ದು."

"ಬೇಜಾರೇನು? ಹೋಗಿ ಬಾ."

"ನಿಜವಾಗ್ಲೂ?"

"ನಾನು ಬೇರೆ ಜೋಡಿ ನೋಡ್ಕೊಂಡಿದ್ದೀನಿ."

ನೋಡಿಕೊಂಡಿರಲಿಲ್ಲ. ಅವನು ಹೋದ ತಕ್ಷಣ ತಮ್ಮನಿಗೆ ಫೋನ್ ಮಾಡಿದೆ.

"ಅಕ್ಕ, ನೀರು ಕಂಡ್ರೆ ನಂಗೆ ವಾಂತಿ ಬರುತ್ತೆ ಅಂತ ನಿಂಗೆ ಗೊತ್ತಲ್ವಾ?"

"ಬಕೆಟ್ ತರ್ತೀನಿ."

ಅವಳಿಗೆ ಏನು ಬೇಕಾಗಿದೆ? ಕೇಳಬೇಕಿತ್ತು. ಕೇಳಿದರೆ ನಾನು ಸೋತ ಹಾಗೆ ಅನ್ನಿಸಿತು.

ಏಪ್ರಿಲ್ 25, ಶುಕ್ರವಾರ. ಸಂಜೆ

ಡಬ್ಬಿ ಜೋಡಿಸುತ್ತಿದ್ದೆ. ನೀರು ಬಿಸಿಯಾಗಿದೆ, ಮೀನು ದಡದ ಕಡೆ ಮೇಲೆ ಬಂದಿವೆ. ತಮ್ಮನಿಗೆ ರಬ್ಬರ್ ಹುಳು — ನಡುವಿಗೆ ಕೊಕ್ಕೆ ಚುಚ್ಚಿ, ಎರಡು ತುದಿಯೂ ತಾನಾಗಿ ನಡುಗುವ ಹಾಗೆ. ಏನೂ ಮಾಡದೆ ಹಿಡಿದು ಕೂರಬಹುದು. ನನಗೆ ಆಳದ ಬಂಡೆಯ ಬದಿಗೆ ಜಿಗ್.

ಆಗ ಕ್ರೇನಮ್ಮನ ಫೋನ್.

"ಅತ್ತಿಗೆ, ನಾಳೆ ನಾವು ಜೊಂಡಿನ ಕಡೆ ಹೋಗೋದು. ನೀವಾಗಿದ್ರೆ ಯಾವ ದಾರ ಹಾಕ್ತಿದ್ರಿ?"

ಇದು ಎಂಥ ಪ್ರಶ್ನೆ. ಜೊಂಡಿಗೆ ಬ್ರೇಡ್, ಜಡೆಯ ಹಾಗೆ ಹೆಣೆದ ದಾರ. ಕೊಕ್ಕೆ ಸಿಕ್ಕ ಮೀನು ಬುಡಕ್ಕೆ ನುಗ್ಗಿ ದಂಟುಗಳಿಗೆ ಸುತ್ತಿಕೊಳ್ಳುತ್ತದೆ, ದಂಟುಸಮೇತ ಕಿತ್ತು ತರುವ ದಾರ ಅದೊಂದೇ. ಗಾಳ ಹಿಡಿದ ಎರಡನೇ ದಿನವೇ ಗೊತ್ತಾಗುವ ವಿಷಯ.

"ನೀರು ತಿಳಿಯಾಗಿದೆ," ಎಂದೆ. "ಬ್ರೇಡ್ ಮೀನಿಗೆ ಕಾಣ್ಸುತ್ತೆ. ಫ್ಲೋರೋ ಹಾಕು. ತೆಳುವಾದ್ದು."

"ತೆಳುವಾದ್ದು ಸಾಕಾ?"

"ಧಾರಾಳ ಸಾಕು."

"ಥ್ಯಾಂಕ್ಸ್ ಅತ್ತಿಗೆ."

ಸುಳ್ಳಲ್ಲ. ನೀರು ತಿಳಿಯಾಗಿಯೇ ಇದೆ. ಫ್ಲೋರೋ, ಗಾಜಿನಂಥ ಒಂಟಿ ಎಳೆಯ ದಾರ, ನೀರಿನಲ್ಲಿ ಕಾಣಿಸುವುದಿಲ್ಲ ಎನ್ನುವುದೂ ನಿಜ. ಎರಡು ನಿಜ ಸೇರಿಸಿ ಒಂದು... ಹೇಗೂ ಅಪ್ಪ ಪಕ್ಕದಲ್ಲೇ ಇರುತ್ತಾನೆ, ನೋಡಿಕೊಳ್ಳುತ್ತಾನೆ.

ಏಪ್ರಿಲ್ 26, ಶನಿವಾರ

ಕಪ್ ನಮಗೆ ಬಂತು. ಅಡುಗೆಮನೆಯ ಕಟ್ಟೆಯ ಮೇಲಿದೆ. ಮುಖ ಗೋಡೆಗೆ ತಿರುಗಿಸಿಟ್ಟಿದ್ದೇನೆ.

ನಡೆದದ್ದನ್ನು ನಡೆದ ಹಾಗೇ ಬರೆಯಬೇಕು.

ತಮ್ಮ ದೋಣಿ ಬಿಟ್ಟ ಸ್ವಲ್ಪ ಹೊತ್ತಿಗೇ ಬಕೆಟ್ ತಬ್ಬಿಕೊಂಡ. ಅವನ ರಾಡ್ ದೋಣಿಯ ಅಂಚಿಗೆ ಒರಗಿತ್ತು, ಹುಳು ನೀರಿನಲ್ಲಿ ತನ್ನ ಪಾಡಿಗೆ ತೂಗಾಡುತ್ತಿತ್ತು. ನಾನು ಬಂಡೆಯ ಬದಿಯಲ್ಲಿ ಜಿಗ್ ಬದಲಾಯಿಸಿ, ಬಣ್ಣ ಬದಲಾಯಿಸಿ, ಎಳೆಯುವ ವೇಗ ಬದಲಾಯಿಸಿ ಬೆವರುತ್ತಿದ್ದೆ. ಏನೂ ಇಲ್ಲ. ಅವನ ರಾಡ್ ಒಮ್ಮೆಲೇ ಬಿಲ್ಲಾಯಿತು. ವಾಂತಿಯ ನಡುವೆಯೇ ಹಿಡಿದುಕೊಂಡ. ಬಲೆಯಲ್ಲಿ ಎತ್ತಿದಾಗ ನನ್ನ ತೋಳು ಸೋತಿತು, ಅಷ್ಟು ದೊಡ್ಡ ಮೀನು. ಒಂದು ಕ್ಷಣ ಅವನ ಮೇಲೂ ಹೊಟ್ಟೆ ಉರಿಯಿತು. ನನ್ನದು ಎಂಥ ಹೊಟ್ಟೆಯೋ.

ಮೀನನ್ನು ದೋಣಿಯ ನೀರುತೊಟ್ಟಿಗೆ ಬಿಟ್ಟ ಮೇಲೆ ಬಾಯಿ ಒರೆಸಿಕೊಂಡು ಅವನು ಹೇಳಿದ, "ಇದು ಅವಳಿಗೆ ಸಿಗಬೇಕಿತ್ತು ಅಕ್ಕ."

"ಯಾಕೆ, ಅವಳಿಗೇನು ಕೊಂಬಾ?"

"ಅವಳು ಕ್ರೇನ್ ಹತ್ತಿ ಎರಡು ತಿಂಗಳ ಮೇಲಾಯ್ತು. ನಿಂಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಎತ್ತುತ್ತಿದ್ದ ಕಬ್ಬಿಣದ ಕಂಬಿಯ ಕಟ್ಟು ಜಾರಿ, ಕೆಳಗಿದ್ದ ಒಬ್ಬನ ಕಾಲು ಮುರಿಯಿತಂತೆ. ಕೆಳಗೆ ಕಟ್ಟಿದವರು ಸರಿಯಾಗಿ ಬಿಗಿದಿರಲಿಲ್ಲ ಎಂದು ವಿಚಾರಣೆಯಲ್ಲೇ ತೀರ್ಮಾನವಾಗಿದೆ. "ಆದ್ರೂ ಅವಳಿಗೆ ತನ್ನ ಕೈಯೇ ಜಾರ್ತು ಅನ್ನೋ ಭಯ. ಲಿವರ್ ನೆನೆಸ್ಕೊಂಡ್ರೆ ಕೈ ನಡುಗುತ್ತೆ. ಅಪ್ಪ ಒಂದ್ಸಲ ಲಿಫ್ಟ್ ಹೊಂಡದಲ್ಲಿ ನೇತಾಡ್ಕೊಂಡಿದ್ನಂತಲ್ಲ, ಮೆಕ್ಯಾನಿಕ್ ಆಗಿದ್ದಾಗ. ಆಮೇಲೆ ಎಷ್ಟೋ ದಿನ ಕೆಲಸಕ್ಕೆ ಅಂತ ಹೊರಟು ಪಾರ್ಕಲ್ಲಿ ಕೂತು ಬರ್ತಿದ್ದನಂತೆ. ಅದನ್ನೆಲ್ಲ ಅವಳಿಗೆ ಹೇಳಿ, ಗಾಳ ಹಿಡಿ, ಕೈ ತಾನೇ ಸರಿಹೋಗುತ್ತೆ ಅಂದಿದ್ದಾನೆ. ಸೋಮವಾರದಿಂದ ಹತ್ತುತ್ತೀನಿ ಅಂತ ಒಪ್ಕೊಂಡಿದ್ಲು."

"ಅಪ್ಪ ನಿಂಗೆ ಹೇಳಿದ್ನಾ, ಹೊಂಡದ ವಿಷ್ಯ?"

"ಇಲ್ಲ. ಅವಳೇ ಹೇಳಿದ್ದು."

ಮೊದಲು ಬಂದದ್ದು ಕನಿಕರವಲ್ಲ. ಇಷ್ಟು ವರ್ಷ ಒಂದೇ ದೋಣಿಯಲ್ಲಿ ಕೂತಿದ್ದೇನೆ, ನನಗೆ ಹೇಳಲಿಲ್ಲ — ಅದು ಬಂತು. ಕನಿಕರ ಆಮೇಲೆ. ಅದರ ಹಿಂದೆಯೇ ದಾರದ ನೆನಪು, ಎದೆಗೆ ತಣ್ಣೀರು ಹೊಯ್ದ ಹಾಗೆ. ಮೋಟಾರ್ ಹಾಕಿ ಜೊಂಡಿನ ಕಡೆ ತಿರುಗಿಸಿದೆ. ದಾರ ಬದಲಾಯಿಸಿ ಎಂದು ಕೂಗಿ ಹೇಳಿದರಾಯಿತು.

ದೂರದಿಂದಲೇ ಕಂಡಿತು. ಅವಳು ಎದ್ದು ನಿಂತಿದ್ದಳು, ರಾಡ್ ಬಾಗಿತ್ತು. ಜೊಂಡಿನ ನಡುವೆ ಮೀನು ಒಮ್ಮೆ ಎದ್ದು ಬಿತ್ತು. ತಮ್ಮನ ಮೀನು ಅದರ ಮರಿಯ ಹಾಗಿತ್ತು. ಅಪ್ಪ ಬಲೆ ಹಿಡಿದು ಬಗ್ಗಿದ್ದ. ಮೀನು ದಂಟುಗಳೊಳಗೆ ನುಗ್ಗಿತು. ಟಪ್. ಅಷ್ಟೇ. ರಾಡ್ ನೆಟ್ಟಗಾಯಿತು.

ನಾವು ಹತ್ತಿರ ಹೋದಾಗ ಅವಳು ದೋಣಿಯ ತಳದಲ್ಲಿ ಕೂತು ತನ್ನ ಅಂಗೈಗಳನ್ನೇ ನೋಡುತ್ತಿದ್ದಳು.

"ಜಾರಿಸ್ಬಿಟ್ಟೆ ಮಾವ. ಮತ್ತೆ ಜಾರಿಸ್ಬಿಟ್ಟೆ."

"ನಿನ್ನ ಕೈ ಅಲ್ಲಮ್ಮ. ದಾರ ಹೋಯ್ತು. ಯಾವ ದಾರ ಹಾಕಿದ್ದೆ?"

ಅವಳು ಹರಿದ ದಾರದ ತುದಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ನನ್ನ ಕಡೆ ನೋಡಲೂ ಇಲ್ಲ. ನಾನೂ ಬಾಯಿ ಬಿಡಲಿಲ್ಲ.

ಕಪ್ ಕೊಟ್ಟಾಗ ಅಪ್ಪ ಬಂದು ನನ್ನ ಕೈ ಕುಲುಕಿದ. ಆಫೀಸಿನವರ ಕೈ ಕುಲುಕಿದ ಹಾಗೆ.

ಏಪ್ರಿಲ್ 28, ಸೋಮವಾರ

ಕ್ರೇನಮ್ಮ ಕೆಲಸಕ್ಕೆ ಹೋಗಲಿಲ್ಲ. ಬೇರೆಯವರನ್ನು ನೋಡಿಕೊಳ್ಳಿ ಎಂದು ಬೆಳಿಗ್ಗೆ ಫೋನ್ ಮಾಡಿ ಹೇಳಿದಳಂತೆ. ಅಮ್ಮ ಹೇಳಿದ್ದು. ಒಂದು ಸೆಟ್ಟಿನಲ್ಲಿ ಮುಂದಿನ ಹಲ್ಲುಗಳನ್ನು ಎಡಬಲ ಅದಲುಬದಲು ಕೂರಿಸಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ.

ಏಪ್ರಿಲ್ 29, ಮಂಗಳವಾರ

ಹೋದೆ. ತಮ್ಮ ಮನೆಯಲ್ಲಿರಲಿಲ್ಲ. ಅವಳು ಬಟ್ಟೆ ಮಡಿಸುತ್ತಿದ್ದಳು. ಕೂರಲು ಹೇಳಿದಳು, ಕೂರಲಿಲ್ಲ. ಕೂತರೆ ಬೇರೆ ಮಾತು ಬಂದುಬಿಡುತ್ತದೆ.

"ದಾರ ಹರಿದದ್ದು ನಿನ್ನ ಕೈಯಿಂದ ಅಲ್ಲ. ಜೊಂಡಿಗೆ ಅದು ನಿಲ್ಲಲ್ಲ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೇ ಹೇಳ್ದೆ."

ಮಡಿಸುತ್ತಿದ್ದ ಅಂಗಿಯನ್ನು ಪೂರ್ತಿ ಮಡಿಸಿ ಕೆಳಗಿಟ್ಟಳು.

"ಯಾಕೆ?"

"ಅಪ್ಪ ನಿನ್ನ ಜೊತೆ ನಗ್ತಾನೆ."

ಹೇಳಿದ ಮೇಲೆ ಅದು ಎಷ್ಟು ಸಣ್ಣದಾಗಿ ಕೇಳಿಸಿತು. ಮಂಚದ ಕೆಳಗಿನ ಹುಡುಗಿಯ ಮಾತು.

ಅವಳು ಇನ್ನೊಂದು ಅಂಗಿ ಎತ್ತಿಕೊಂಡಳು. ಆಮೇಲೆ ಹೇಳಿದಳು, "ಮಾವ ಬ್ರೇಡೇ ಸುತ್ತಿ ಕೊಟ್ಟಿದ್ರು. ಅವರಿಗೆ ಹೇಳದೆ ನಾನೇ ತೆಗೆದು ಫ್ಲೋರೋ ಹಾಕ್ದೆ."

"ಯಾಕೆ ತೆಗೆದೆ?"

"ದಾರದ ವಿಷ್ಯದಲ್ಲಿ ನಂಗಿಂತ ನನ್ನ ಮಗಳಿಗೇ ಚೆನ್ನಾಗಿ ಗೊತ್ತು ಅಂತ ಮಾವ ದೋಣಿಲಿ ಕೂತ್ರೆ ಸಾಕು, ಅದನ್ನೇ ಹೇಳೋರು. ಕೇಳಿ ಕೇಳಿ ಸಾಕಾಗಿತ್ತು ನಂಗೆ. ನಿಮ್ಮನ್ನ ಕಂಡ್ರೆ ಹೊಟ್ಟೆ ಉರೀತಿತ್ತು. ಒಂದು ದಿನಾನಾದ್ರೂ ನಿಮ್ಮ ಹಾಗೆ ಮೀನು ಹಿಡೀಬೇಕು ಅನ್ನಿಸ್ತು."

ಕ್ಷಮಿಸು ಎಂದೆ. ಹೇಳಿದೆನೋ, ಅಂದುಕೊಂಡೆನೋ.

"ಈಗ ಹೋಗಿ ಅತ್ತಿಗೆ. ಇವತ್ತು ನಿಮ್ಮ ಮುಖ ನೋಡಕ್ಕಾಗಲ್ಲ."

ಬಾಗಿಲು ಜೋರಾಗಿ ಹಾಕಲಿಲ್ಲ. ಮೆಲ್ಲಗೆ ಹಾಕಿದಳು. ಅದೇ ಇನ್ನೂ ಕಿವಿಯಲ್ಲಿದೆ.

ಮೇ 13, ಮಂಗಳವಾರ

ನಿನ್ನೆಯಿಂದ ಕ್ರೇನ್ ಹತ್ತುತ್ತಿದ್ದಾಳೆ. ಮೊದಲ ದಿನ ಪಕ್ಕದಲ್ಲಿ ಇನ್ನೊಬ್ಬ ಆಪರೇಟರ್ ಇದ್ದನಂತೆ. ಇಳಿದ ಮೇಲೆ ಅವಳು ಫೋನ್ ಮಾಡಿದ್ದು ಅಪ್ಪನಿಗೆ. ನನಗಲ್ಲ. ನನಗೆ ಯಾಕೆ ಮಾಡುತ್ತಾಳೆ.

ಸಂತೋಷವಾಯಿತು. ಉರಿಯೂ ಆಯಿತು. ಎರಡೂ ಒಟ್ಟಿಗೇ, ಜಗಳವಿಲ್ಲದೆ.

ಮೇ 17, ಶನಿವಾರ. ಬೆಳಿಗ್ಗೆ

ಅಪ್ಪ, ನಾನು, ಇಬ್ಬರೇ. ಅವನೇ ಕರೆದ. ನೀರು ಕನ್ನಡಿಯ ಹಾಗಿತ್ತು. ಮೇಲೆ ತೇಲುವ ಲ್ಯೂರ್ ಹಾಕಿದೆವು — ಎಸೆದು, ಅಲೆ ಅಡಗುವವರೆಗೂ ಕಾದು, ಒಮ್ಮೆ ಮಾತ್ರ ಮಿಸುಕಿಸಬೇಕು. ಅವನು ಬೇಗ ಎಳೆದ. ತಿದ್ದಬೇಕೆಂದು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

"ಅವಳು ಎಲ್ಲಾ ಹೇಳಿದ್ಲು," ಎಂದ.

"ಹೂಂ."

"ನಂಗೆ ನೀನೇ ಹೇಳ್ಬಹುದಿತ್ತು."

"ಲಿಫ್ಟ್ ಹೊಂಡದ ವಿಷ್ಯ ನೀನು ನಂಗೆ ಹೇಳಿದ್ಯಾ?"

ಅವನು ರಾಡ್ ಕೆಳಗಿಟ್ಟ. ಎಲ್ಲೋ ಮೀನೊಂದು ಹಾರಿ ಬಿತ್ತು. ಇಬ್ಬರೂ ಆ ಕಡೆ ತಿರುಗಲಿಲ್ಲ.

"ನಿಂಗೆ ಹೇಳೋಕೆ ನಾಚಿಕೆ ಆಗ್ತಿತ್ತು ಕಣಮ್ಮ. ನೀನು ಚಿಕ್ಕೋಳಿದ್ದೆ. ಅಪ್ಪ ಅಂದ್ರೆ ಯಾವುದಕ್ಕೂ ಹೆದರಲ್ಲ ಅಂದ್ಕೊಂಡಿದ್ದೆ. ಆಮೇಲೆ ದೊಡ್ಡೋಳಾದೆ, ಎಲ್ಲದರಲ್ಲೂ ತಪ್ಪು ಹಿಡಿಯೋಕೆ ಶುರು ಮಾಡ್ದೆ. ಇದೊಂದನ್ನ ನೀನು ತಿದ್ದೋದು ಬೇಡ ಅನ್ನಿಸ್ತು."

"ಈಗ ಹೇಳು. ತಿದ್ದಲ್ಲ."

ಹೇಳಿದ. ನಿಧಾನವಾಗಿ, ಮೊದಲಿಂದ. ಕ್ರೇನಮ್ಮನಿಗೆ ಹೇಳದೇ ಇದ್ದ ಒಂದು ಸಂಗತಿಯೂ ಅದರಲ್ಲಿ ಇತ್ತು. "ಇದು ಅವಳಿಗೂ ಗೊತ್ತಿಲ್ಲ" ಎಂದು ಅವನೇ ಅಂದ. ಹೊಂಡದಲ್ಲಿ ನೇತಾಡುತ್ತಿದ್ದಾಗ ಅವನು ಜೋರಾಗಿ ಕರೆದದ್ದು —

ಇಲ್ಲ. ಇದನ್ನು ಬರೆಯುವುದಿಲ್ಲ. ಇದು ನನಗೊಬ್ಬಳಿಗೇ ಹೇಳಿದ್ದು. ಇಲ್ಲಿ ಕೂಡ ಯಾರಿಗೂ ಸಿಗಬಾರದು.